ಪೆಟ್ಟಿಗೆಗೆ ಮೀರಿದ ಹೆಸರು

ನಮ್ಮ ಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಕಂಪ್ಯೂಟರ್ ಉದ್ಯೋಗದಲ್ಲಿರುವರು. ಅವರ ತಂದೆತಾಯಿಗಳು, “ಮಗಳು ಹಗಲಿರುಳು ಆ ಯಂತ್ರದ ಮುಂದೆ ಮಾಡುವದೇನು?” ಎಂದು ಕೇಳುವದುಂಟು. ಆ ವಿಶಾಲವಾದ ವಿದ್ಯೆಯೊಳಗಿಂದ ಒಂದು ಚಿಕ್ಕ ವಿಷಯವನ್ನಾಯ್ದು ಇಲ್ಲಿ ಪಾಠರೂಪವಾಗಿ ಬರೆದಿದ್ದೇನೆ. ಇದಕ್ಕೆ ಬೇಕಾದ ಗಣಿತವು ಎರಡನೆಯ ಇಯತ್ತೆಯ ಕೂಡಿಸುವ ಲೆಕ್ಕವೇ ಹೊರತು ಹೆಚ್ಚಿನದಲ್ಲ.

ಕಂಪ್ಯೂಟರಿನ ಸಕಲ ಕಾರ್ಯಗಳನ್ನೂ ಆಳುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಎಂದು ಹೆಸರು. ಫಿನ್ಲೆಂಡ್ ದೇಶದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಪ್ರಾರಂಭಿಸಿದ ಲಿನಕ್ಸ್ ಕರ್ನೆಲ್, ಪಾಲಕರೇ, ತಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿಯೂ ಇರುವದು. ಅದರ ಬಹುಭಾಗವನ್ನು ‘ಸಿ’ ಎಂಬ ಭಾಷೆಯಲ್ಲಿ ಬರೆದಿರುವರು. ಈ ಭಾಷೆಯಲ್ಲಿ ಒಂದು ಹೆಸರನ್ನಿಡಲು ಬೈಟ್ ಎಂಬ ಚಿಕ್ಕ ಮನೆಗಳನ್ನು ಸಾಲಾಗಿ ಕಾದಿರಿಸಬೇಕು. ಅಂಥ ಸಾಲಿಗೆ ಬಫರ್ ಎನ್ನುವರು. ಹೆಸರು ಮುಗಿಯಿತೆಂದು ತಿಳಿಸಲು ಕೊನೆಯಲ್ಲಿ ಸೊನ್ನೆಯೊಂದನ್ನಿಡುವದು ಕಡ್ಡಾಯ. ಆ ಸೊನ್ನೆಗೂ ಒಂದು ಮನೆ ಬೇಕು.

ನಮ್ಮ ಊರಿನದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗುಲ್ಬರ್ಗಾ ಎಂಬುದನ್ನು ರೋಮನ್ ಲಿಪಿಯಲ್ಲಿ ಬರೆದರೆ 8 ಅಕ್ಷರ. ಸೊನ್ನೆ ಸೇರಿ 9 ಬೈಟ್. ಒಬ್ಬನು 9 ಮನೆಗಳನ್ನಷ್ಟೇ ಕಾದಿರಿಸಿದನೆನ್ನಿರಿ. 2014ರ ನವೆಂಬರ್ 1ರಂದು ಊರಿನ ಹೆಸರು ಕಲಬುರಗಿಯಾಯಿತು. ಅದೇ ಲಿಪಿಯಲ್ಲಿ ಇದು 10 ಅಕ್ಷರ, ಸೊನ್ನೆ ಸೇರಿ 11. ಎರಡು ಬೈಟ್ ಹೊರಗೆ ಬಿದ್ದವು. ‘ಸಿ’ ಭಾಷೆಯ ಹಳೆಯ ನಕಲು ಮಾಡುವ ಕಾರ್ಯವು ಪೆಟ್ಟಿಗೆ ಎಷ್ಟು ದೊಡ್ಡದೆಂದು ಕೇಳುವದೇ ಇಲ್ಲ. ಸೊನ್ನೆ ಕಾಣುವ ತನಕ ಸುರಿಯುತ್ತಲೇ ಹೋಗುವದು. ಸೇರು ತುಂಬಿದ ಮೇಲೂ ತೊಗರಿಯನ್ನು ಸುರಿದರೆ ಅದು ನೆಲಕ್ಕೆ ಬಿದ್ದು ಕಣ್ಣಿಗೆ ಕಾಣುವದು; ಇಲ್ಲಿಯಾದರೋ ಪಕ್ಕದ ಮನೆಯಲ್ಲಿದ್ದುದನ್ನು ಅಳಿಸಿ ಅದರ ಸ್ಥಾನದಲ್ಲಿ ಕುಳಿತುಕೊಳ್ಳುವದು.

ಕಮಲಾಪುರದ ಹೆಸರು ಇನ್ನೂ ಮೋಸದ್ದು. ಕೆಂಪು ಬಾಳೆಗೆ ಪ್ರಸಿದ್ಧವಾದ ಆ ಊರಿನ ಹೆಸರು ರೋಮನ್ ಲಿಪಿಯಲ್ಲಿ ಸರಿಯಾಗಿ 9 ಅಕ್ಷರ. ಅಕ್ಷರಗಳೆಲ್ಲವೂ ಪೆಟ್ಟಿಗೆಯಲ್ಲಿ ಹಿಡಿಸಿದವು; ಕಡೆಯ ಸೊನ್ನೆಯೊಂದೇ ಹೊರಗಾಯಿತು. ಆ ಪಕ್ಕದ ಮನೆಯಲ್ಲಿ ಬಳಕೆದಾರನು ಯಾರೆಂದು ತಿಳಿಸುವ, ಒಂದೇ ಬೈಟಿನಲ್ಲಿ ಹಿಡಿಯುವ ಅಂಕೆ ಇತ್ತೆಂದು ಎಣಿಸಿರಿ. ಲಿನಕ್ಸಿನಲ್ಲಿ ಸೊನ್ನೆ ಅಂಕೆಯವನೆಂದರೆ ಸರ್ವಾಧಿಕಾರಿ! ಒಂದು ಊರಿನ ಹೆಸರನ್ನು ಬರೆಯುವದರೊಳಗೆ ಅಪರಿಚಿತನಿಗೆ ಮನೆಯ ಬೀಗದ ಕೈ ದೊರೆತಂತಾಯಿತು. ಬೇರೆ ಕಾರ್ಯಕ್ರಮ ಕೆಟ್ಟರೆ ಅದೊಂದೇ ಕೆಡುವದು, ಕರ್ನೆಲ್ ಕೆಟ್ಟರೆ ಅದರ ಮೇಲೆ ನಿಂತಿರುವ ಬ್ಯಾಂಕಿನ ವ್ಯವಹಾರ, ಚಿತ್ರ, ಪತ್ರ ಯಾವುದಕ್ಕೂ ಕಾವಲಿಲ್ಲ.

ಇದು ಬರಿಯ ಕಲ್ಪನೆಯಲ್ಲ. 1988ರ ನವೆಂಬರ್ 2ರಂದು ಅಮೇರಿಕೆಯಲ್ಲಿ ರಾಬರ್ಟ್ ಮೋರಿಸ್ ಎಂಬ ವಿದ್ಯಾರ್ಥಿಯು ಹರಿಯಬಿಟ್ಟ ‘ಹುಳು’ವು ಇಂಥದೇ ದಾರಿಯಿಂದಲೂ ಯಂತ್ರಗಳನ್ನು ಹೊಕ್ಕಿತು. ಅಲ್ಲಿಯ ಪೆಟ್ಟಿಗೆ 512 ಬೈಟಿನದು. ಒಳಗೆ ಸುರಿದದ್ದು ಅದಕ್ಕಿಂತ ಹೆಚ್ಚು. ಅದು ಕರ್ನೆಲ್ ಅಲ್ಲ, ಸಾಮಾನ್ಯ ಕಾರ್ಯಕ್ರಮವಾಗಿತ್ತು. ದೋಷದ ಜಾತಿ ಮಾತ್ರ ಒಂದೇ.

ಇನ್ನು ಪರಿಹಾರ. ಮನುಷ್ಯರು ಬರೆದ ‘ಸಿ’ ಭಾಷೆಯನ್ನು ಯಂತ್ರದ ಭಾಷೆಗೆ ತರ್ಜುಮೆ ಮಾಡುವದು ಕಂಪೈಲರ್. ಪೆಟ್ಟಿಗೆ 9 ಬೈಟಿನದೆಂದೂ, ಬರೆಯಬೇಕಾದ ಹೆಸರು 10 ಬೈಟಿನದೆಂದೂ ಎಷ್ಟೋ ವೇಳೆ ಕಂಪೈಲರಿಗೆ ತರ್ಜುಮೆಯ ಕಾಲದಲ್ಲಿಯೇ ತಿಳಿದಿರುವದು. ತಿಳಿದೂ ಸುಮ್ಮನಿರುವದೇಕೆ? 2004ರಲ್ಲಿ ಸಾಮಾನ್ಯ ಕಾರ್ಯಕ್ರಮಗಳಿಗೆ ಇಂಥ ತಪಾಸಣೆ ಬಂದಿತು. ಲಿನಕ್ಸ್ ಕರ್ನೆಲಿಗೆ ಡೇನಿಯಲ್ ಮಿಕೇ ಎಂಬವರ ಕೆಲಸದಿಂದ 2017ರಲ್ಲಿ, 4.13ನೆಯ ಆವೃತ್ತಿಯಲ್ಲಿ ಸೇರಿತು. ಅದರ ಹೆಸರು ಫೋರ್ಟಿಫೈ ಸೋರ್ಸ್.

ಅದರ ಯುಕ್ತಿಯು ನನಗೆ ಬಹಳ ಮೆಚ್ಚಿಗೆಯಾದದ್ದು. ನಕಲು ಮಾಡುವ ಕಾರ್ಯದ ಒಳಗೆ “ಹೆಸರು ಪೆಟ್ಟಿಗೆಗಿಂತ ದೊಡ್ಡದಾದರೆ ಇವನನ್ನು ಕರೆ” ಎಂದು ಒಂದು ಸಾಲು ಬರೆದು, ಕರೆಯಲ್ಪಡುವವನ ಮೇಲೆ “ಇವನ ಹೆಸರು ತರ್ಜುಮೆಯಲ್ಲಿ ಉಳಿದರೆ ದೋಷವೆಂದು ಸಾರು” ಎಂಬ ಗುರುತನ್ನು ಹಾಕಿರುವರು. ಎಂದೂ ನಡೆಯಲಾರದ ಸಾಲುಗಳನ್ನು ತೆಗೆದುಹಾಕುವದು ಕಂಪೈಲರಿನ ಅಭ್ಯಾಸ. ಹೆಸರು ಹಿಡಿಸುವದೆಂದು ಖಚಿತವಾದರೆ ಆ ಸಾಲು ತಾನಾಗಿ ಅಳಿದುಹೋಗುವದು, ಓಡುವ ಯಂತ್ರಕ್ಕೆ ಎಳ್ಳಷ್ಟೂ ಭಾರವಾಗದು. ಹಿಡಿಸುವದಿಲ್ಲವೆಂದಾದರೆ ಸಾಲು ಉಳಿಯುವದು, ತರ್ಜುಮೆಯೇ ನಿಲ್ಲುವದು. ತಪ್ಪಿದ ಕರ್ನೆಲ್ ಹುಟ್ಟುವದೇ ಇಲ್ಲ.

ಆದರೆ ಹೆಸರಿನ ಉದ್ದ ಮುಂದೆ ಯಾರೋ ಬೆರಳಚ್ಚು ಮಾಡಿದಾಗಲೇ ತಿಳಿಯುವಂಥದಾದರೆ ಕಂಪೈಲರ್ ಏನು ಮಾಡೀತು? ಪೆಟ್ಟಿಗೆಯ ಅಳತೆಯಾದರೂ ಗೊತ್ತಿದ್ದರೆ, ಓಡುವ ಕಾಲದಲ್ಲಿ ಅಳೆಯುವ ಕಾವಲನ್ನು ಇಡುವದು. ಎರಡೂ ತಿಳಿಯದಿದ್ದಲ್ಲಿ ಅದು ಕುರುಡು. ಮತ್ತೊಂದು ಕೊರತೆಯೂ ಇತ್ತು: ಹಲವು ಖಾನೆಗಳುಳ್ಳ ಟ್ರಂಕಿನಲ್ಲಿ ಒಂದು ಖಾನೆ ತುಂಬಿ ಇನ್ನೊಂದಕ್ಕೆ ಹರಿದರೂ, ಟ್ರಂಕಿನಿಂದ ಹೊರಬೀಳದಿದ್ದರೆ, ಮೆಮ್‌ಕಾಪಿ ಎಂಬ ಕಾರ್ಯದ ತಪಾಸಣೆ ಸುಮ್ಮನಿರುತ್ತಿತ್ತು. ಕೀಸ್ ಕುಕ್ ಎಂಬವರು 2021ರಿಂದ ಮುಂದೆ ದುಡಿದು ಖಾನೆಖಾನೆಯನ್ನೂ ಅಳೆಯುವಂತೆ ಮಾಡಿದರು.

ಪೆಟ್ಟಿಗೆಯ ಅಳತೆಯನ್ನು ಕೇಳಿಕೊಂಡು, ಹಿಡಿಸಿದಷ್ಟನ್ನೇ ಬರೆದು, ಸೊನ್ನೆಯನ್ನೂ ತಪ್ಪದೆ ಇಡುವ ‘ಸ್ಟ್ರ್‌ಎಸ್‌ಕಾಪಿ’ ಎಂಬ ಕಾರ್ಯವು 2015ರಲ್ಲಿ ಕರ್ನೆಲಿಗೆ ಬಂದಿತು. ಇದರಿಂದ ನೆರೆಮನೆ ಉಳಿಯುವದು ನಿಜ. ಹೆಸರು ಮಾತ್ರ ಕತ್ತರಿಸಲ್ಪಡುವದು. ಕನ್ನಡಿಗರಿಗೆ ಇದರ ಪೆಟ್ಟು ಹೆಚ್ಚು. ಯಾಕೆಂದರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು. ಕೊಂಬು, ಗುಡಿಸು, ದೀರ್ಘಗಳೂ ಬೇರೆ ಬೇರೆ ಚಿಹ್ನೆಗಳೇ. ಕಲಬುರಗಿ 7 ಚಿಹ್ನೆ, 21 ಬೈಟ್. ಸೊನ್ನೆ ಸೇರಿ 22. ನಮ್ಮ 9 ಬೈಟಿನ ಪೆಟ್ಟಿಗೆಯಲ್ಲಿ ಸೊನ್ನೆಯನ್ನು ಬಿಟ್ಟು 8 ಬೈಟ್ ಉಳಿದರೆ ‘ಕ’ ಮತ್ತು ‘ಲ’ ಪೂರ್ಣವಾಗಿ, ‘ಬ’ಕಾರದ ಮೂರರಲ್ಲಿ ಎರಡು ಪಾಲು ಮಾತ್ರ ಕೂಡುವವು. ಆ ಮುರಿದ ಅಕ್ಷರವನ್ನು ಯಾರೂ ಓದಲಾರರು.

ಮನೆಯಲ್ಲಿ ಮಕ್ಕಳಿಂದ ಈ ಲೆಕ್ಕವನ್ನು ಮಾಡಿಸಿರಿ: ಕಮಲಾಪುರ ಎಂದು ಕನ್ನಡದಲ್ಲಿ ಬರೆಯಲು ಸೊನ್ನೆ ಸಹಿತ ಎಷ್ಟು ಬೈಟ್ ಬೇಕು? ದೀರ್ಘವನ್ನೂ ಕೊಂಬನ್ನೂ ಎಣಿಸಲು ಮರೆಯದಿರಲಿ. ಬಳಿಕ ಅವರವರ ಪೂರ್ಣ ಹೆಸರನ್ನು, ತಂದೆಯ ಹೆಸರು ಸೇರಿಸಿ, ಹೀಗೆಯೇ ಅಳೆಯಲಿ. ಒತ್ತಕ್ಷರವಿದ್ದಲ್ಲಿ ನಡುವೆ ಅಡಗಿರುವ ಅರ್ಧಾಕ್ಷರದ ಗುರುತಿಗೂ ಇನ್ನೊಂದು 3 ಕೂಡಿಸಬೇಕು.