ಸಮಾಂತರ ದ್ವಾರದ ಮೂಲಕ ಮುದ್ರಕದ ಜೋಡಣೆ

ಗೋವೆಯ ಸಾವರ್ಡೆಯ ಮಕ್ಕಳಿಗೆ ರೈಲುಹಳಿ ಪರಿಚಿತ. ಈ ಪಾಠಕ್ಕೆ ಅದೇ ಉತ್ತಮ ನಿದರ್ಶನ. ಒಂದೇ ಹಳಿಯ ಮೇಲೆ ವ್ಯಾಗನ್‌ಗಳು ಒಂದರ ಹಿಂದೊಂದು ಸಾಗುವಂತೆ ಸರಣಿ ದ್ವಾರದಲ್ಲಿ ಬಿಟ್‌ಗಳು ಒಂದೊಂದಾಗಿ ಹರಿಯುತ್ತವೆ. ಸಮಾಂತರ ದ್ವಾರದಲ್ಲಿಯಾದರೋ ಎಂಟು ಹಳಿಗಳ ಮೇಲೆಂಬಂತೆ 8 ಬಿಟ್‌ಗಳು ಏಕಕಾಲಕ್ಕೆ ಹೊರಡುತ್ತವೆ.

1981ರ ಐಬಿಎಂ ಪಿಸಿಯಲ್ಲಿಯೇ ಬಳಕೆಯಲ್ಲಿದ್ದ ಈ ವ್ಯವಸ್ಥೆಗೆ 1994ರಲ್ಲಿ ಐಇಇಇ 1284 ಎಂಬ ಮಾನಕ ರೂಪುಗೊಂಡಿತು. ಕಂಪ್ಯೂಟರಿನ ಬದಿಯಲ್ಲಿ 25, ಮುದ್ರಕದ ಬದಿಯಲ್ಲಿ 36 ಸಂಪರ್ಕಬಿಂದುಗಳಿರುತ್ತವೆ. ಕಂಪ್ಯೂಟರಿನ ಬದಿಯ 2ರಿಂದ 9ರವರೆಗಿನ ಪಿನ್‌ಗಳು ದತ್ತಾಂಶವನ್ನು ಒಯ್ಯುತ್ತವೆ, 1ನೆಯದು ‘ಅಕ್ಷರ ಸಿದ್ಧ’ವೆಂದು ತಿಳಿಸುತ್ತದೆ, 11ನೆಯದು ‘ತಾಳು, ಕೆಲಸದಲ್ಲಿದ್ದೇನೆ’ ಎಂಬ ಮುದ್ರಕದ ಉತ್ತರವನ್ನು ತರುತ್ತದೆ.

ಜೋಡಣೆಯ ಕ್ರಮ:
1. ಎರಡೂ ಯಂತ್ರಗಳ ವಿದ್ಯುತ್ತನ್ನು ನಿಲ್ಲಿಸಬೇಕು. ಯುಎಸ್‌ಬಿಯಂತೆ ಇದನ್ನು ಚಾಲನೆಯಲ್ಲಿರುವಾಗ ಜೋಡಿಸಿದರೆ ದ್ವಾರದ ಮಂಡಲವೇ ಕೆಡಬಹುದು.
2. ಮಳೆಗಾಲದ ತೇವದಿಂದ ಪಿನ್‌ಗಳು ಕಿಲುಬು ಹಿಡಿದಿವೆಯೇ, ಬಾಗಿವೆಯೇ ಎಂದು ನೋಡಬೇಕು.
3. ಕೇಬಲನ್ನು ನೇರವಾಗಿ ಕೂರಿಸಿ ತಿರುಪು ಬಿಗಿಯಬೇಕು.
4. ಮೊದಲು ಮುದ್ರಕವನ್ನು, ಅನಂತರ ಕಂಪ್ಯೂಟರನ್ನು ಚಾಲೂ ಮಾಡಬೇಕು.

ಹಳೆಯ ಚುಕ್ಕಿ ಮುದ್ರಕಗಳ ಸ್ಮೃತಿಯಲ್ಲಿ ಸಾಮಾನ್ಯವಾಗಿ ಕನ್ನಡ ಲಿಪಿ ಇರುವುದಿಲ್ಲ. ಕಂಪ್ಯೂಟರು ಪುಟವನ್ನು ಚಿತ್ರವಾಗಿಸಿ ಕಳುಹಿಸಬೇಕು. ತಕ್ಕ ಡ್ರೈವರ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಮೂಡಬಹುದು. ಆದ್ದರಿಂದ ಮುದ್ರಕವೇ ಕೆಟ್ಟಿತೆಂದು ಮೂಲೆಗೊತ್ತುವ ಮುನ್ನ ಡ್ರೈವರನ್ನು ಪರೀಕ್ಷಿಸುವುದು ಯುಕ್ತ. ಅನ್ಯಭಾಷಾ ಪರಿಸರದಲ್ಲಿರುವ ಶಾಲೆಗೆ ಕನ್ನಡದ ಅಭ್ಯಾಸಹಾಳೆಯನ್ನು ತಾನೇ ಅಚ್ಚುಮಾಡಿಕೊಳ್ಳುವ ಸಾಮರ್ಥ್ಯ ಸಣ್ಣದಲ್ಲ.

ಚಟುವಟಿಕೆ: ಎಂಟು ಮಕ್ಕಳು 0 ಅಥವಾ 1ರ ಪಟ್ಟಿ ಹಿಡಿದು 01000001 ಎಂದು ಸಾಲಾಗಿ ನಿಲ್ಲಲಿ. ಒಂಬತ್ತನೆಯ ಮಗು ಚಪ್ಪಾಳೆ ತಟ್ಟಿದೊಡನೆ ಎಲ್ಲರೂ ಒಟ್ಟಿಗೆ ಹೆಜ್ಜೆಯಿಡಲಿ. ಇದು 65, ಅಂದರೆ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ. ಬಳಿಕ ಒಬ್ಬೊಬ್ಬರಾಗಿ ಸಾಗಿಸಿ, ಎರಡಕ್ಕೂ ಹಿಡಿದ ಸಮಯವನ್ನು ಮಕ್ಕಳಿಂದಲೇ ಹೋಲಿಸಿಸಬೇಕು.