ವಾಸಿಯಾಗದ ರೋಗ, ಬಿಡಲಾಗದ ದುಡಿಮೆ

ರೋಗಗಳಲ್ಲಿ ಎರಡು ವಿಧ. ಒಂದು ಅತಿಥಿಯಂತೆ ಬಂದು ಹೋಗುವುದು. ಇನ್ನೊಂದು ಮನೆಯವನಂತೆ ನೆಲೆಸಿಬಿಡುವುದು. ನೆಗಡಿ, ಜ್ವರಗಳು ಮೊದಲನೆಯ ವಿಧಕ್ಕೆ ಸೇರಿದವು. ನಾಲ್ಕು ದಿನ ಮಲಗಿ ಎದ್ದರೆ ಅವು ತೊಲಗುತ್ತವೆ. ಸಕ್ಕರೆ ಕಾಯಿಲೆ, ಉಬ್ಬಸ, ಅಪಸ್ಮಾರ, ಸಂಧಿವಾತ, ಮೂತ್ರಪಿಂಡದ ವೈಫಲ್ಯ, ಹೃದ್ರೋಗಗಳು ಎರಡನೆಯ ವಿಧಕ್ಕೆ ಸೇರಿದವು. ರಜೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮೊದಲನೆಯ ವಿಧದ ರೋಗಿ ಮಾತ್ರ. ಮಲಗಿದ್ದಾನೆ, ಗುಣವಾದ ಮೇಲೆ ಬರುತ್ತಾನೆ ಎಂದು ಮಾಲೀಕನೂ ಮನೆಯವರೂ ಲೆಕ್ಕ ಹಾಕುತ್ತಾರೆ.

ಆದರೆ ಎರಡನೆಯ ವಿಧದ ರೋಗಿಗೆ ಈ ಲೆಕ್ಕ ಹೊಂದುವುದಿಲ್ಲ. ಪೂರ್ತಿ ಗುಣವಾದ ಮೇಲೆ ಕೆಲಸಕ್ಕೆ ಹೋಗುವೆನೆಂದರೆ ಅವನು ಎಂದೂ ಹೋಗಲಾರ. ರೋಗವೇ ಇಲ್ಲವೆಂಬಂತೆ ದುಡಿದರೆ ಬಹುಕಾಲ ದುಡಿಯಲಾರ. ಹಾಗಾದರೆ ಅವನ ದಾರಿ ಯಾವುದು? ಸತ್ಯವಿಶ್ವಾಸಿಯ ಮುಂದೆ ಈ ಪ್ರಶ್ನೆಗೆ ಉತ್ತರ ದಿನಕ್ಕೆ ಐದು ಬಾರಿ ಬರುತ್ತದೆ. ನಾವು ಅದನ್ನು ಗಮನಿಸುವುದಿಲ್ಲ, ಅಷ್ಟೆ.

ನಮಾಝ್ ಕಲಿಸುವ ಪಾಠ

ಪ್ರವಾದಿವರ್ಯರ(ಸ) ಅನುಚರರಾದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಮೂಲವ್ಯಾಧಿಯಿತ್ತು. ತಾನು ನಮಾಝ್ ಹೇಗೆ ನಿರ್ವಹಿಸಬೇಕೆಂದು ಅವರು ಕೇಳಿದರು. ನಿಲ್ಲಲು ಸಾಧ್ಯವಾದರೆ ನಿಂತು, ಇಲ್ಲವಾದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಿರ್ವಹಿಸುವಂತೆ ಪ್ರವಾದಿವರ್ಯರು(ಸ) ತಿಳಿಸಿದರು. ಇಲ್ಲಿ ನಮಾಝ್ ತಪ್ಪಲಿಲ್ಲ. ಅದರ ಭಂಗಿ ಬದಲಾಯಿತು.

ಉಪವಾಸದಲ್ಲಿ ಇನ್ನೆರಡು ದಾರಿಗಳಿವೆ. ಗುಣವಾಗುವ ರೋಗಿಯು ರಮಝಾನಿನಲ್ಲಿ ಬಿಟ್ಟ ದಿನಗಳನ್ನು ಎಣಿಸಿಟ್ಟು ಬೇರೆ ದಿನಗಳಲ್ಲಿ ಪೂರೈಸಬೇಕು. ಎಂದೂ ಗುಣವಾಗುವ ಭರವಸೆಯಿಲ್ಲದವನು ಪ್ರತಿ ದಿನಕ್ಕೆ ಬದಲಾಗಿ ಒಬ್ಬ ಬಡವನಿಗೆ ಉಣಿಸಬೇಕೆಂದು ವಿದ್ವಾಂಸರು ವಿವರಿಸಿದ್ದಾರೆ. ಹೀಗೆ ಭಂಗಿ ಬದಲಿಸುವುದು, ದಿನ ಬದಲಿಸುವುದು, ಬದಲಿ ಕೊಡುವುದು ಎಂಬ ಮೂರು ರಿಯಾಯಿತಿಗಳು ನಮಗೆ ಸಿಕ್ಕಿವೆ. ಇವು ಯಾವುವೂ ಭಿಕ್ಷೆಯಲ್ಲ. ಕರ್ತವ್ಯವು ಕೈಬಿಟ್ಟು ಹೋಗದಂತೆ ಮಾಡಿದ ಏರ್ಪಾಡುಗಳು. ತನ್ನ ಆರಾಧನೆಯಲ್ಲೇ ಅಲ್ಲಾಹನು ರೋಗಿಗೆ ಇಷ್ಟು ಅವಕಾಶ ನೀಡಿರುವಾಗ, ಕೂಲಿಯ ಕೆಲಸದಲ್ಲಿ ಅದನ್ನು ನಿರಾಕರಿಸಲು ನಾವು ಯಾರು?

ನಮ್ಮ ಹೊಲ, ನಮ್ಮ ಅಂಗಡಿ

ಈ ಪಾಠವನ್ನು ನಮ್ಮ ಊರಿಗೆ ತಂದು ನೋಡೋಣ. ಕುಮುದ್ವತಿಯ ದಡದ ರಟ್ಟೀಹಳ್ಳಿ 2018ರಲ್ಲಿ ಹಿರೇಕೆರೂರಿನಿಂದ ಬೇರ್ಪಟ್ಟು ತಾಲೂಕು ಕೇಂದ್ರವಾಯಿತು. ಇಲ್ಲಿನ ದುಡಿಮೆ ಹೆಚ್ಚಾಗಿ ಹೊಲದ್ದು. ಗೋವಿನಜೋಳ, ಹತ್ತಿ, ಬೀಜೋತ್ಪಾದನೆ, ಅವುಗಳ ಸುತ್ತ ಹಮಾಲಿ, ವಾಹನ ಚಾಲನೆ, ಹೊಲಿಗೆ, ಅಂಗಡಿ ಕೆಲಸ.

ಹೈಬ್ರಿಡ್ ಹತ್ತಿಯ ಬೀಜ ಮಾಡುವ ಹೊಲವನ್ನು ನೋಡಿರಿ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಬಿಡಿಸಿ ಕೇಸರಗಳನ್ನು ತೆಗೆಯಬೇಕು. ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಹೂವು ಯಾರ ಜ್ವರಕ್ಕೂ ಕಾಯುವುದಿಲ್ಲ. ಸಂಧಿವಾತವಿರುವ ಹೆಣ್ಣುಮಗಳಿಗೆ ಬೆಳಗಿನ ಹೊತ್ತಿನಲ್ಲೇ ಬೆರಳುಗಳು ಬಿಗಿದಿರುತ್ತವೆ. ಅವಳಿಗೆ ಸಂಜೆಯ ಕೆಲಸವನ್ನು ಕೊಟ್ಟು ಬೆಳಗಿನ ಕೆಲಸವನ್ನು ಇನ್ನೊಬ್ಬಳಿಗೆ ವಹಿಸಿದರೆ ಹೊಲವೂ ಕೆಡುವುದಿಲ್ಲ, ಅವಳ ಕೂಲಿಯೂ ಪೂರ್ತಿ ಹೋಗುವುದಿಲ್ಲ.

ಉಬ್ಬಸವಿರುವವನನ್ನು ಗೋವಿನಜೋಳದ ರಾಶಿ ಯಂತ್ರದ ಧೂಳಿನ ಮುಂದೆ ನಿಲ್ಲಿಸಬೇಡಿರಿ. ಗಾಳಿಯ ಮೇಲ್ಬದಿಯಲ್ಲಿ ಚೀಲ ಹೊಲಿಯಲು ಕೂರಿಸಿರಿ. ಅಪಸ್ಮಾರವಿರುವವನನ್ನು ಟ್ರ್ಯಾಕ್ಟರ್ ಮೇಲೆ, ಬಾವಿಯ ಕಟ್ಟೆಯ ಮೇಲೆ, ರಾತ್ರಿ ನೀರು ಹಾಯಿಸುವ ಪಾಳಿಯಲ್ಲಿ ಇಡಬೇಡಿರಿ. ನಿದ್ದೆಗೆಡುವುದು ಅವನಿಗೆ ಮೂರ್ಛೆಯನ್ನು ಕರೆತರಬಲ್ಲದು. ಇನ್ಸುಲಿನ್ ತೆಗೆದುಕೊಳ್ಳುವವನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಬಿಡಿರಿ. ಅವನ ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲವಿರಲಿ. ಇವುಗಳಿಗೆ ಮಾಲೀಕನ ಗಂಟು ಕರಗಬೇಕಾಗಿಲ್ಲ. ಸ್ವಲ್ಪ ಯೋಚನೆ ಸಾಕು.

ರೋಗಿಯು ಮಾಡಬೇಕಾದುದು

ಮೊದಲನೆಯದಾಗಿ, ನಿಮ್ಮ ರೋಗವನ್ನು ನೀವು ಅರಿತಿರಬೇಕು. ಒಂದು ಚಿಕ್ಕ ಪುಸ್ತಕವಿಡಿರಿ. ಯಾವ ದಿನ ಹೆಚ್ಚಾಯಿತು, ಅದರ ಹಿಂದಿನ ದಿನ ಏನು ಮಾಡಿದ್ದೆ, ಯಾವ ಮಾತ್ರೆ ತಪ್ಪಿತು, ಎಷ್ಟು ದಿನ ಕೆಲಸ ಬಿಟ್ಟೆ ಎಂಬುದನ್ನು ಬರೆದಿಡಿರಿ. ಮೂರು ತಿಂಗಳಲ್ಲಿ ಅದು ನಿಮಗೆ ಬಹಳಷ್ಟು ಹೇಳುತ್ತದೆ. ವೈದ್ಯರಿಗೂ ಅದರಿಂದ ನೆರವಾಗುತ್ತದೆ. ಬರೆಯಲು ಬಾರದವರು ಮಕ್ಕಳಿಂದ ಬರೆಸಲಿ.

ಎರಡನೆಯದಾಗಿ, ಬಿದ್ದ ಮೇಲೆ ರಜೆ ಪಡೆಯುವ ಅಭ್ಯಾಸ ಬಿಡಿರಿ. ಆಸ್ಪತ್ರೆಗೆ ಹೋಗುವ ದಿನವನ್ನು ಮೊದಲೇ ತಿಳಿಸಿ ಅರ್ಧ ದಿನ ಪಡೆದರೆ, ಮುಂದೆ ಹದಿನೈದು ದಿನ ಮಲಗುವುದು ತಪ್ಪಬಹುದು. ಕೂಲಿ ಹೋಗುತ್ತದೆಂದು ತಪಾಸಣೆ ಬಿಡುವವನು ಇಂದಿನ ಕೂಲಿಗಾಗಿ ನಾಳೆಯ ಕೂಲಿಗಳನ್ನು ಮಾರಿದಂತೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಕಳೆಯುತ್ತಿದ್ದ ಅಬುದ್ದರ್ದಾ(ರ) ಅವರಿಗೆ, ನಿಮ್ಮ ಮೇಲೆ ನಿಮಗೂ ನಿಮ್ಮ ಮನೆಯವರಿಗೂ ಹಕ್ಕಿದೆಯೆಂದು ಸಲ್ಮಾನ್(ರ) ತಿಳಿಹೇಳಿದರು. ಪ್ರವಾದಿವರ್ಯರು(ಸ) ಸಲ್ಮಾನರ ಮಾತನ್ನು ಸರಿಯೆಂದರು. ಆರಾಧನೆಯಲ್ಲೇ ದೇಹದ ಹಕ್ಕು ಕಸಿಯಬಾರದೆಂದಾದರೆ ಸಂಪಾದನೆಯಲ್ಲಿ ಕಸಿಯಬಹುದೇ?

ಮೂರನೆಯದಾಗಿ, ಯಾರಿಗೆ ಎಷ್ಟು ಹೇಳಬೇಕೆಂದು ನಿಶ್ಚಯಿಸಿರಿ. ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ನಿಮ್ಮ ಪಕ್ಕದಲ್ಲಿ ದುಡಿಯುವ ಒಬ್ಬನಿಗಾದರೂ, ನೀವು ಬಿದ್ದರೆ ಏನು ಮಾಡಬೇಕೆಂದು ತಿಳಿದಿರಲಿ. ಮಾಲೀಕನೊಡನೆ ಮಾತಾಡುವಾಗ ಬರೀ ‘ನನಗೆ ಆರಾಮ ಇಲ್ಲ’ ಎನ್ನಬೇಡಿರಿ. ‘ತಿಂಗಳಿಗೆ ಒಂದು ದಿನ ಆಸ್ಪತ್ರೆಗೆ ಹೋಗಬೇಕು, ಭಾರ ಎತ್ತಲಾರೆ, ಉಳಿದುದನ್ನೆಲ್ಲ ಮಾಡುವೆ’ ಎಂದು ಸ್ಪಷ್ಟವಾಗಿ ಕೇಳಿರಿ. ಏನು ಮಾಡಲಾರೆ ಎಂಬುದರ ಜೊತೆಗೆ ಏನು ಮಾಡಬಲ್ಲೆ ಎಂಬುದನ್ನೂ ಹೇಳುವವನ ಮಾತಿಗೆ ತೂಕ ಹೆಚ್ಚು.

ಕಾನೂನು ಕೊಟ್ಟಿರುವ ಹಕ್ಕು

ನಮ್ಮಲ್ಲಿ ಅನೇಕರು ತಮ್ಮ ಹಕ್ಕಿನ ರಜೆಯನ್ನೇ ಅರಿಯರು. ಸರಕಾರಿ ನೌಕರರಿಗೆ ವರ್ಷಕ್ಕೆ 20 ದಿನಗಳ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಅಂತಹ ಎರಡು ದಿನಗಳನ್ನು ಪೂರ್ಣ ವೇತನದ ಒಂದು ದಿನವಾಗಿ ಪರಿವರ್ತಿಸಿಕೊಳ್ಳಬಹುದು. ಶಾಲೆಯ ಶಿಕ್ಷಕರು ಇದನ್ನು ಸಣ್ಣಪುಟ್ಟ ಕಾರಣಗಳಿಗೆ ಕರಗಿಸದೆ ಕಷ್ಟದ ಕಾಲಕ್ಕೆ ಉಳಿಸಿಕೊಳ್ಳುವುದು ಜಾಣತನ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೌಕರರಿಗೆ ಕಾಯಿಲೆಯೇ ಮುಂತಾದ ಕಾರಣಗಳಿಗಾಗಿ ವರ್ಷಕ್ಕೆ 12 ದಿನಗಳವರೆಗೆ ವೇತನ ಸಹಿತ ರಜೆಯನ್ನು 1961ರ ಕರ್ನಾಟಕದ ಕಾಯ್ದೆ ಹೇಳಿದೆ.

ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳ ಕಾರ್ಖಾನೆಗಳಿಗೆ ದುಡಿಯಲು ಹೋದ ನಮ್ಮ ಮಕ್ಕಳು ಇ.ಎಸ್.ಐ. ಯೋಜನೆಯನ್ನು ಅರಿತಿರಬೇಕು. 1948ರ ಕಾನೂನಿನಿಂದ ಹುಟ್ಟಿದ ಈ ವಿಮೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ವಂತಿಗೆ ಸಲ್ಲಿಸಿದ ಕಾರ್ಮಿಕನಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಹಣ ಸಿಗುತ್ತದೆ. ಕ್ಷಯ, ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ, ಪಾರ್ಶ್ವವಾಯು, ಕೆಲವು ಮನೋರೋಗಗಳೂ ಸೇರಿದಂತೆ 34 ದೀರ್ಘ ರೋಗಗಳಿಗೆ, ಎರಡು ವರ್ಷ ವಿಮೆಯಲ್ಲಿದ್ದವನಿಗೆ, ಶೇ. 80ರಂತೆ ಎರಡು ವರ್ಷಗಳವರೆಗೂ ವಿಸ್ತರಣೆಯಿದೆ. ಒಂದು ಸೂಕ್ಷ್ಮವನ್ನು ನೆನಪಿಡಿರಿ: ಸಾಮಾನ್ಯವಾಗಿ ಪ್ರತಿ ಬಾರಿಯ ಕಾಯಿಲೆಯ ಮೊದಲ ಎರಡು ದಿನಗಳಿಗೆ ಹಣವಿಲ್ಲ. ಆದರೆ ಹಿಂದಿನ ಕಾಯಿಲೆಯ ರಜೆ ಮುಗಿದು 15 ದಿನಗಳೊಳಗೆ ರೋಗ ಮರುಕಳಿಸಿದರೆ ಈ ಕಡಿತವಿಲ್ಲ. ಆದ್ದರಿಂದ ಪ್ರಮಾಣಪತ್ರಗಳ ದಿನಾಂಕಗಳನ್ನು ಜೋಪಾನವಾಗಿಡಿರಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಪಾರ್ಕಿನ್ಸನ್, ಹೀಮೋಫಿಲಿಯಾ, ಥಲಸ್ಸೀಮಿಯಾ, ಮನೋರೋಗಗಳನ್ನೂ ತನ್ನ ಪಟ್ಟಿಗೆ ಸೇರಿಸಿತು. ಸೇವೆಯಲ್ಲಿರುವಾಗ ವೈಕಲ್ಯ ಬಂದ ಸರಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ. ಆ ಹುದ್ದೆಗೆ ಅವನು ಹೊಂದದಿದ್ದರೆ ಅದೇ ವೇತನದ ಬೇರೆ ಹುದ್ದೆಗೆ ಬದಲಿಸಬೇಕು. ನಿಲ್ಲಲಾರದವನು ಕುಳಿತು ನಮಾಝ್ ಮಾಡುವ ನಿಯಮವನ್ನು ಬಲ್ಲವನಿಗೆ ಈ ಕಾನೂನು ಹೊಸದೆನಿಸದು.

ರಜೆಯೇ ಇಲ್ಲದವರ ಪಾಡು

ಆದರೆ ದಿನಗೂಲಿಯವನಿಗೆ ಈ ಯಾವ ಪುಸ್ತಕದಲ್ಲೂ ರಜೆಯಿಲ್ಲ. ಅವನ ರಜೆಯೆಂದರೆ ಒಲೆ ಹೊತ್ತದ ದಿನ. ಇಲ್ಲಿಯೇ ನಮ್ಮ ಸಮುದಾಯದ ಪರೀಕ್ಷೆಯಿರುವುದು.

ಡಯಾಲಿಸಿಸ್ ಮಾಡಿಸಿಕೊಳ್ಳುವವನನ್ನು ನೋಡಿರಿ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಅವನು ಯಂತ್ರದ ಬಳಿಯಿರಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ಹಾವೇರಿಗೆ ಹೋಗಿಬರುವ ಬಸ್ಸಿನ ಖರ್ಚು, ಜೊತೆಗೆ ಬರುವವನ ಕೂಲಿ ಉಚಿತವಲ್ಲ. ಕ್ಷಯರೋಗಿಗೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ ಸರಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕಾಗಿ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಆದರೂ ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಔಷಧಿ ಬಿಟ್ಟು ಕೂಲಿಗೆ ಓಡುವವರಿದ್ದಾರೆ. ಆಗ ರೋಗವು ಔಷಧಿಗೆ ಬಗ್ಗದ ಬಗೆಯದಾಗಿ ಮರಳಬಹುದು. ಅವನನ್ನು ಓಡಿಸುವುದು ಅಜ್ಞಾನವೊಂದೇ ಅಲ್ಲ, ಮನೆಯ ಖಾಲಿ ಡಬ್ಬಿ.

ಝಕಾತಿನ ಹಕ್ಕುದಾರರಲ್ಲಿ ಬಡವರನ್ನೂ ನಿರ್ಗತಿಕರನ್ನೂ ಸಾಲದಲ್ಲಿ ಮುಳುಗಿದವರನ್ನೂ ಕುರ್‌ಆನ್ ಹೆಸರಿಸಿದೆ. ದೀರ್ಘ ರೋಗದ ಕೂಲಿಕಾರನು ಎಷ್ಟೋ ಸಲ ಈ ಮೂರೂ ಆಗಿರುತ್ತಾನೆ. ಮೊಹಲ್ಲಾದ ಜಮಾಅತ್ ರಮಝಾನಿನಲ್ಲಿ ಒಮ್ಮೆ ಸೀರೆ, ಅಕ್ಕಿ ಹಂಚಿ ಕೈತೊಳೆದುಕೊಳ್ಳುವ ಬದಲು, ಅಂತಹ ಮನೆಗಳಿಗೆ ಚಿಕಿತ್ಸೆ ಮುಗಿಯುವ ತನಕ ತಿಂಗಳ ರೇಶನ್ ಹಾಗೂ ಬಸ್ ಖರ್ಚನ್ನು ವಹಿಸಿಕೊಳ್ಳಬಾರದೇ? ಕೂಲಿಗೆ ಗುಂಪಾಗಿ ಹೋಗುವ ಹೆಣ್ಣುಮಕ್ಕಳು ‘ಅಕ್ಕಾ, ಈ ಸೋಮವಾರ ನಿನ್ನ ಸಾಲನ್ನು ನಾನು ಮುಗಿಸುವೆ, ಮುಂದಿನ ವಾರ ನೀನು ನನ್ನದನ್ನು ಮುಗಿಸು’ ಎಂದು ಪಾಳಿ ಮಾಡಿಕೊಳ್ಳಬಾರದೇ? ಇದೂ ಒಂದು ಬಗೆಯ ರಜೆಯೇ. ಇದನ್ನು ಕೊಡಲು ಯಾವ ಕಚೇರಿಯೂ ಬೇಡ.

ಇಬ್ಬರಿಗೂ ಒಂದು ಎಚ್ಚರಿಕೆ

ದುಡಿಸುವವರೇ, ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು. ಅವರ ಶಕ್ತಿಗೆ ಮೀರಿದ ಭಾರ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಬೇಕು ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ರಜೆ ಕೇಳಿದವನನ್ನು ಹತ್ತು ಜನರ ಮುಂದೆ ಹೀಯಾಳಿಸಬೇಡಿರಿ. ಅವನು ನಂಬಿ ಹೇಳಿದ ರೋಗವನ್ನು ಚಹಾದಂಗಡಿಯ ಮಾತಾಗಿಸಬೇಡಿರಿ. ಅದು ನಿಮ್ಮಲ್ಲಿಟ್ಟ ಅಮಾನತ್ತು. ಎಚ್.ಐ.ವಿ. ಇದೆಯೆಂಬ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವುದನ್ನು 2017ರ ಕಾಯ್ದೆಯೂ ನಿಷೇಧಿಸಿದೆ.

ದುಡಿಯುವವರೇ, ರಜೆಯೂ ಅಮಾನತ್ತೇ. ಮದುವೆಗೆ, ಜಾತ್ರೆಗೆ ಹೋಗಲು ಸುಳ್ಳು ವೈದ್ಯಕೀಯ ಪತ್ರ ತರುವವನು ಮಾಲೀಕನಿಗೆ ಮೋಸ ಮಾಡುವುದಷ್ಟೇ ಅಲ್ಲ, ನಿಜವಾದ ರೋಗಿಯ ಮಾತಿನ ಬೆಲೆಯನ್ನೂ ಕಳೆಯುತ್ತಾನೆ. ಇವನ ಸುಳ್ಳಿನ ದಂಡವನ್ನು ಮುಂದೆ ಅವನು ತೆರಬೇಕಾಗುತ್ತದೆ.

ಕೆಲಸ ಬಿಟ್ಟು ಮಲಗಿರುವ ರೋಗಿಗೆ ತಾನು ಯಾರಿಗೂ ಬೇಡದವನಾದೆನೆಂಬ ನೋವು ರೋಗಕ್ಕಿಂತ ಹೆಚ್ಚು. ಅಂತಹವರು ಒಂದು ಶುಭವಾರ್ತೆಯನ್ನು ನೆನಪಿಡಲಿ. ದಾಸನು ಕಾಯಿಲೆ ಬಿದ್ದಾಗ, ಆರೋಗ್ಯವಾಗಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪುಣ್ಯ ಅವನಿಗೆ ಬರೆಯಲ್ಪಡುತ್ತಲೇ ಇರುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಲ್ಲಾಹನ ಹಾಜರಿ ಪುಸ್ತಕದಲ್ಲಿ ರೋಗಿಯ ಹೆಸರಿನ ಮುಂದೆ ಗೈರುಹಾಜರಿಯಿಲ್ಲ. ನಮ್ಮ ಹೊಲ, ಅಂಗಡಿ, ಕಚೇರಿಗಳ ಪುಸ್ತಕಗಳಲ್ಲೂ ಅವನ ಹೆಸರು ಅಳಿಯದಂತೆ ನೋಡಿಕೊಳ್ಳುವ ಮನಸ್ಸನ್ನು ಅಲ್ಲಾಹನು ನಮಗೆ ಕರುಣಿಸಲಿ.