ಬೇಲಿಯ ದಾಸವಾಳದಿಂದ ಶರಬತ್ತು



ಬೇಸಿಗೆಯ ಬಿಸಿಲಿನಲ್ಲಿ ಮನೆಗೆ ಬಂದ ನೆಂಟರಿಗೆ ಕುಡಿಯಲು ಏನು ಕೊಡುವುದು? ನಮ್ಮ ಹಿರಿಯರು ಬೆಲ್ಲದ ಪಾನಕವನ್ನೋ ನೀರುಮಜ್ಜಿಗೆಯನ್ನೋ ಕೊಡುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಅಂಗಡಿಯ ಬಣ್ಣದ ಸೀಸೆ ಬಂದು ಕುಳಿತಿದೆ. ಅದಕ್ಕೆ ತೆತ್ತ ಹಣ ಊರು ಬಿಟ್ಟು ಹೋಗುತ್ತದೆ. ಇತ್ತ ನಮ್ಮ ಬೇಲಿಯ ಕೆಂಪು ದಾಸವಾಳ ಬೆಳಿಗ್ಗೆ ಅರಳಿ, ಸಂಜೆಗೆ ಮುದುಡಿ, ಯಾರಿಗೂ ಬೇಡವಾಗಿ ಉದುರುತ್ತದೆ. ಈ ಹೂವಿನಿಂದ ಒಳ್ಳೆಯ ಶರಬತ್ತು ಮಾಡಬಹುದು.

ಇದು ಹೊಸ ವಿದ್ಯೆಯೇನಲ್ಲ. ಉತ್ತರಾಖಂಡ, ಹಿಮಾಚಲ ಪ್ರದೇಶಗಳ ಬೆಟ್ಟದ ಹಳ್ಳಿಯವರು ಬುರಾಂಶ್ ಎಂಬ ಕಾಡುಮರದ ಕೆಂಪು ಹೂಗಳನ್ನು ಆಯ್ದು ತಂದು, ಶರಬತ್ತು ಮಾಡಿ ಸೀಸೆಗಳಲ್ಲಿ ಮಾರುತ್ತಾರೆ. ಆ ಮರ ನಮ್ಮ ಬಯಲುಸೀಮೆಯಲ್ಲಿ ಬೆಳೆಯದು. ಆದರೆ ದಾಸವಾಳ ಯಾವ ಊರಿನಲ್ಲಿಲ್ಲ?

ಹೂವು ಪುಕ್ಕಟೆ ಸಿಕ್ಕರೂ ಸಕ್ಕರೆ ಪುಕ್ಕಟೆ ಬರುವುದಿಲ್ಲ. ಮೊದಲ ಸಲ ನಮ್ಮ ಮನೆಯಲ್ಲಿ ಇದನ್ನು ಮಾಡಿದಾಗ, ಒಂದು ಕಿಲೋ ಸಕ್ಕರೆ ಹಾಕುವ ಕಡೆ ಅರ್ಧ ಕಿಲೋ ಸಾಕೆಂದು ಕೈ ಬಿಗಿ ಹಿಡಿದೆವು. ಹತ್ತು ದಿನ ಕಳೆಯುವುದರೊಳಗೆ ಸೀಸೆಯ ಬಿರಟೆ ತಾನಾಗಿಯೇ ಹಾರಿತು. ನೊರೆ ಉಕ್ಕಿ, ಹೆಂಡದಂತಹ ಹುಳಿ ವಾಸನೆ ಬಂತು. ಅರ್ಧ ಕಿಲೋ ಉಳಿಸಲು ಹೋಗಿ, ಹಾಕಿದ್ದ ಅರ್ಧ ಕಿಲೋವನ್ನೂ ತಿಪ್ಪೆಗೆ ಸುರಿದೆವು. ಆದುದರಿಂದ ಈ ಪಾಠದಲ್ಲಿ ಅಳತೆಗೇ ಮೊದಲ ಸ್ಥಾನ.

ಪಾಕ ಕೆಡದಿರುವುದು ಹೇಗೆ?

ಗಾಳಿಯಲ್ಲಿ, ಹೂವಿನ ಮೇಲೆ, ಪಾತ್ರೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳಿರುತ್ತವೆ. ಅವು ಬೆಳೆಯಲು ನೀರು ಬೇಕು. ಪಾಕದಲ್ಲಿ ಸಕ್ಕರೆ ದಟ್ಟವಾಗಿದ್ದರೆ ಅದು ನೀರನ್ನು ಹಿಡಿದಿಟ್ಟುಕೊಂಡು ಆ ಜೀವಿಗಳಿಗೆ ಬಿಟ್ಟುಕೊಡುವುದಿಲ್ಲ. ಉಪ್ಪು ತುಂಬಿದ ಉಪ್ಪಿನಕಾಯಿ ಕೆಡದಿರುವುದೂ ಇದೇ ಕಾರಣದಿಂದ. ನೂರು ತೂಕ ಪಾಕದಲ್ಲಿ ಸುಮಾರು 65 ತೂಕ ಸಕ್ಕರೆ ಇರಬೇಕು. ನೆನಪಿಗೆ ಸುಲಭವಾದ ಲೆಕ್ಕವೆಂದರೆ, ಒಂದು ಪಾಲು ನೀರಿಗೆ ಎರಡು ಪಾಲು ಸಕ್ಕರೆ, ಅದೂ ತೂಕದಲ್ಲಿ. ಇದಕ್ಕಿಂತ ಕಡಿಮೆ ಹಾಕಿದ ಪಾಕವನ್ನು ಅಂದೇ ಕುಡಿದು ಮುಗಿಸಬೇಕು.

ಹೂವಿನ ಆಯ್ಕೆ

ಐದು ಎಸಳಿನ ಕೆಂಪು ದಾಸವಾಳವೇ ಉತ್ತಮ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು, ಅಂದು ಅರಳಿದ ಹೂಗಳನ್ನು ಮಾತ್ರ ಕೀಳಿರಿ. ಗಿಡದಲ್ಲಿ ಕೆಲವನ್ನು ಜೇನುಹುಳುಗಳಿಗೆ ಬಿಡಿ.

ಹತ್ತಿ, ತರಕಾರಿ ಮುಂತಾದ ಬೆಳೆಗಳಿಗೆ ಔಷಧಿ ಸಿಂಪಡಿಸುವ ಹೊಲದ ಬದುವಿನ ಹೂ ಬೇಡ. ವಾಹನಗಳ ಹೊಗೆ, ಧೂಳು ಬಡಿಯುವ ರಸ್ತೆ ಬದಿಯ ಹೂ ಬೇಡ. ಮಾರುಕಟ್ಟೆಯಿಂದ ತಂದ ಹೂವೂ ಬೇಡ, ಅದಕ್ಕೆ ಏನು ಸಿಂಪಡಿಸಿದ್ದಾರೆಂದು ನಮಗೆ ತಿಳಿಯದು.

ಇನ್ನೊಂದು ಮಾತನ್ನು ಮನೆಯ ಮಕ್ಕಳಿಗೂ ಕೂಡಿಸಿಕೊಂಡು ಹೇಳಿರಿ. ಬೇಲಿಯಲ್ಲಿ ಅರಳಿದ್ದೆಲ್ಲ ತಿನ್ನುವ ಹೂವಲ್ಲ. ಕೆಂಪು, ಗುಲಾಬಿ, ಬಿಳಿ ಬಣ್ಣದ ಕಣಗಿಲೆ, ಗಂಟೆಯಾಕಾರದ ಹಳದಿ ಕಣಗಿಲೆ, ದತ್ತೂರಿ, ಎಕ್ಕ, ಬೆಂಕಿಯ ನಾಲಗೆಯಂತೆ ಎಸಳು ಮೇಲಕ್ಕೆತ್ತಿ ನಿಲ್ಲುವ ಅಗ್ನಿಶಿಖೆ ಬಳ್ಳಿ, ಇವೆಲ್ಲ ವಿಷ. ಕಣಗಿಲೆಯ ವಿಷ ಹೃದಯಕ್ಕೇ ತಗಲುತ್ತದೆ, ಕುದಿಸಿದರೂ ಹೋಗುವುದಿಲ್ಲ. ದೇವರಿಗೆ ಏರಿಸುವ ಹೂವೆಂದ ಮಾತ್ರಕ್ಕೆ ಹೊಟ್ಟೆಗೆ ಆಗುತ್ತದೆಂದು ತಿಳಿಯಬಾರದು. ಒಂದು ವೇಳೆ ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂಡದೆ, ಆ ಹೂವನ್ನೂ ಕೈಯಲ್ಲಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಗುರುತು ಸಿಗದ ಹೂವನ್ನು ಪಾತ್ರೆಗೆ ಹಾಕಲೇಬಾರದು.

ಬೇಕಾದ ಸಾಮಾನುಗಳು

ಕೆಂಪು ದಾಸವಾಳ 40, ನೀರು ಅರ್ಧ ಲೀಟರ್, ಸಕ್ಕರೆ 1 ಕಿಲೋ, ರಸಭರಿತ ನಿಂಬೆಹಣ್ಣು 4 ಅಥವಾ 5. ಸ್ಟೀಲ್ ಪಾತ್ರೆ, ಶುಭ್ರವಾದ ಬಿಳಿ ಬಟ್ಟೆ, ಗಾಜಿನ ಸೀಸೆಗಳು. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆ ಕೂಡದು, ಏಕೆಂದರೆ ನಿಂಬೆಯ ಹುಳಿ ಲೋಹವನ್ನು ಕರಗಿಸುತ್ತದೆ.

ಮಾಡುವ ಕ್ರಮ

1. ಸೀಸೆಗಳನ್ನು ತೊಳೆದು, ಪಾತ್ರೆಯ ತಳಕ್ಕೆ ಮಡಿಸಿದ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಮುಳುಗಿಸಿಟ್ಟು ಒಲೆ ಹೊತ್ತಿಸಿರಿ. ನೀರು ಕುದಿಯಲು ತೊಡಗಿದ ಮೇಲೆ 15 ನಿಮಿಷ ಬಿಡಿ. ಮುಚ್ಚಳಗಳನ್ನೂ ಕುದಿಸಿರಿ.

2. ಹೂವಿನ ಹಸಿರು ತೊಟ್ಟನ್ನೂ ನಡುವಿನ ಕೇಸರದ ಕಡ್ಡಿಯನ್ನೂ ಕಿತ್ತು ತೆಗೆದು, ಇರುವೆ ಹುಳುಗಳನ್ನು ನೋಡಿ, ಎಸಳುಗಳನ್ನು ಬೇಗನೆ ತೊಳೆಯಿರಿ.

3. ನೀರನ್ನು ಕುದಿಸಿ ಇಳಿಸಿ, ಎಸಳು ಹಾಕಿ ಮುಚ್ಚಿಡಿ. ಒಲೆಯ ಮೇಲೆ ಬೇಯಿಸಬೇಡಿ, ಕೈಯಿಂದ ಕಿವುಚಬೇಡಿ. ಹಾಗೆ ಮಾಡಿದರೆ ದಾಸವಾಳದ ಲೋಳೆ ಬಿಟ್ಟು ಪಾಕ ನೂಲು ನೂಲಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಎಸಳು ಬಿಳಿಚಿಕೊಳ್ಳುತ್ತದೆ.

4. ಬಟ್ಟೆಯಲ್ಲಿ ಹಿಂಡದೆ ಸೋಸಿರಿ. ನೀರು ಮಂಕು ನೇರಳೆಯಾಗಿ ಕಂಡರೆ ಗಾಬರಿ ಬೇಡ. ನಿಂಬೆರಸ ಸೋಸಿ ಬೆರೆಸಿದೊಡನೆ ಅದು ಕಣ್ಣೆದುರೇ ಕೆಂಪಾಗುತ್ತದೆ. ಹೂವಿನ ಬಣ್ಣ ಹುಳಿಗೆ ಬದಲಾಗುವ ಗುಣದ್ದು. ಬೇರೆ ಬಣ್ಣ ಸೇರಿಸುವ ಅಗತ್ಯವಿಲ್ಲ.

5. ಈಗ ಅಳೆಯಿರಿ. ಹೂವಿನ ನೀರು ಮತ್ತು ನಿಂಬೆರಸ ಎರಡೂ ಸೇರಿ ಅರ್ಧ ಲೀಟರ್ ಇರಬೇಕು. ಕಡಿಮೆಯಿದ್ದರೆ ಕುದಿಸಿದ ನೀರು ಸೇರಿಸಿ. ಹೆಚ್ಚಾಗಿದ್ದರೆ ಸಕ್ಕರೆಯನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಿರಿ.

6. ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿರಿ. ಒಂದು ಕುದಿ ಬಂದು ಎರಡು ಮೂರು ನಿಮಿಷವಾದರೆ ಸಾಕು. ಮೇಲೆ ಬಂದ ನೊರೆಯನ್ನು ತೆಗೆಯಿರಿ. ಎಳೆಪಾಕಕ್ಕೆ ತರಬೇಡಿ, ಆರಿದ ಮೇಲೆ ಸಕ್ಕರೆ ತಳದಲ್ಲಿ ಹರಳುಗಟ್ಟುತ್ತದೆ.

7. ಬಿಸಿ ಸೀಸೆಗೆ ಬಿಸಿ ಪಾಕವನ್ನು ಕತ್ತಿನವರೆಗೆ ತುಂಬಿ ಮುಚ್ಚಳ ಬಿಗಿಯಿರಿ. ತಣ್ಣನೆಯ ಸೀಸೆಗೆ ಹೊಯ್ದರೆ ಗಾಜು ಸೀಳುತ್ತದೆ. ಸೀಸೆಯ ಮೇಲೆ ಮಾಡಿದ ದಿನಾಂಕ ಬರೆದು, ತಂಪಾದ ಕತ್ತಲೆ ಮೂಲೆಯಲ್ಲಿಡಿ. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ.

ಈ ಅಳತೆಗೆ ಒಂದು ಲೀಟರಿಗೆ ಸ್ವಲ್ಪ ಹೆಚ್ಚು ಪಾಕ ಸಿಗುತ್ತದೆ. ಲೋಟಕ್ಕೆ ಎರಡು ದೊಡ್ಡ ಚಮಚ ಹಾಕಿ, ತಣ್ಣೀರು ಬೆರೆಸಿ, ಚಿಟಿಕೆ ಉಪ್ಪು ಸೇರಿಸಿದರೆ ಮೂವತ್ತೈದು ಲೋಟದಷ್ಟು ಶರಬತ್ತು ಆಗುತ್ತದೆ.

ಬಳಸುವಾಗ

ಒಂದು ಸೀಸೆ ತೆರೆದ ಮೇಲೆ ಒಣ ಚಮಚವನ್ನೇ ಬಳಸಿ, ತಿಂಗಳೊಳಗೆ ಮುಗಿಸಿರಿ. ಗುಳ್ಳೆ, ನೊರೆ, ಹುಳಿ ವಾಸನೆ ಅಥವಾ ಬೂಷ್ಟು ಕಂಡರೆ ಸೀಸೆ ಪೂರ್ತಿ ಚೆಲ್ಲಬೇಕು. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ಕುಡಿಯುವುದು ಮಿತವ್ಯಯವಲ್ಲ, ಅಪಾಯ.

ಇದು ಔಷಧಿಯಲ್ಲ. ಒಂದು ಲೋಟದಲ್ಲಿ ಸುಮಾರು ಆರು ಸಣ್ಣ ಚಮಚದಷ್ಟು ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದು ತಕ್ಕದ್ದಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳದೆ ದಾಸವಾಳದ ಶರಬತ್ತು ಕುಡಿಯಬಾರದು.

ಕೈ ಪಳಗಿದ ಮೇಲೆ ಸಂತೆಯಲ್ಲಿ ಮಾರುವ ಆಸೆ ಹುಟ್ಟುವುದು ಸಹಜ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ, ಮನೆಯಲ್ಲಿ ಮಾಡಿ ಮಾರುವ ಚಿಕ್ಕ ವ್ಯಾಪಾರಕ್ಕೂ ನೋಂದಣಿ ಬೇಕು. ಸ್ವಸಹಾಯ ಸಂಘದವರು ಕೂಡಿ ನೋಂದಣಿ ಮಾಡಿಸಿದರೆ ಸೀಸೆ, ಸಕ್ಕರೆಗಳನ್ನೂ ಒಟ್ಟಿಗೆ ಕೊಳ್ಳಬಹುದು.

ನೆನಪಿಡಬೇಕಾದ ಅಂಶಗಳು

ಗುರುತಿಲ್ಲದ ಹೂ ಬೇಡ.
ಔಷಧಿ ಬಿದ್ದ ಹೂ ಬೇಡ.
ಒಂದಕ್ಕೆ ಎರಡು ಸಕ್ಕರೆ.
ಕುದಿಸಿದ ಸೀಸೆ, ಬಿಸಿ ಪಾಕ.
ನೊರೆ ಕಂಡರೆ ಚೆಲ್ಲು.

ಮೊದಲು ಒಂದೇ ಸೀಸೆ ಮಾಡಿರಿ. ಒಂದು ತಿಂಗಳು ಇಟ್ಟು ನೋಡಿರಿ. ಮುಚ್ಚಳ ತೆಗೆದಾಗ ಬಣ್ಣ ಕೆಂಪಾಗಿಯೇ ಇದ್ದು, ವಾಸನೆ ಕೆಡದಿದ್ದರೆ ನಿಮ್ಮ ಅಳತೆ ಸರಿಯಾಗಿದೆಯೆಂದು ತಿಳಿಯಿರಿ. ಆಗ ನೆರೆಮನೆಯವರನ್ನು ಕರೆದು ಒಂದು ಲೋಟ ಕೊಟ್ಟು, ಈ ಪಾಠವನ್ನು ಅವರಿಗೂ ಹೇಳಿರಿ.